ಕಾಲಾಳಿನ ಮೆಟ್ಟು



ಜೂನ್ ತಿಂಗಳು ಕಳೆದು ಜುಲೈ ಕಾಲಿಟ್ಟಿತೆಂದರೆ ನಮ್ಮ ಪ್ರೌಢಶಾಲೆಗಳ ಅಂಗಳದಲ್ಲಿ ಒಂದು ಬಗೆಯ ಸಂಭ್ರಮ. ಹುಡುಗರನ್ನು ಸಾಲಾಗಿ ನಿಲ್ಲಿಸಿ, ಎತ್ತರ ನೋಡಿ, ಎರಡು ಸುತ್ತು ಓಡಿಸಿ ಎನ್.ಸಿ.ಸಿ. ದಳಕ್ಕೆ ಆರಿಸುವ ಕಾಲ ಅದು. ಆರಿಸಲ್ಪಟ್ಟ ಹುಡುಗ ಸಂಜೆ ಮನೆಗೆ ಓಡಿಬಂದು, ಚೀಲವನ್ನು ಮೂಲೆಗೆಸೆದು, "ಅಪ್ಪಾ, ನಂಗೆ ಬೂಟು ಬೇಕು" ಎನ್ನುತ್ತಾನೆ. ಆಗ ಮನೆಯಲ್ಲಿ ಎರಡು ಮಾತು ಹುಟ್ಟುತ್ತವೆ. ತಂದೆ ಹೇಳುವುದು: "ಬೆಳೆಯೋ ಕಾಲು, ಒಂದಳತೆ ದೊಡ್ಡದೇ ತರೋಣ, ಮುಂದಿನ ವರ್ಷಕ್ಕೂ ಆಗುತ್ತೆ." ಅಡಿಗೆಯ ಮನೆಯಿಂದ ಅಜ್ಜಿಯೋ ತಾಯಿಯೋ ಹೇಳುವುದು: "ಏನಾದರೂ ತಂದುಕೊಳ್ಳಿ, ಆದರೆ ಅದನ್ನು ಹೊಸಲು ದಾಟಿಸಬೇಡಿ."

ಈ ಎರಡೂ ಮಾತುಗಳನ್ನು ನಾನು ಬಾಲ್ಯದಲ್ಲಿ ಕೇಳಿದ್ದೇನೆ. ಮೇಷ್ಟರಾದ ಮೇಲೆ ನೂರಾರು ಮನೆಗಳಿಂದ ಕೇಳಿದ್ದೇನೆ. ಮೊದಲನೆಯ ಮಾತಿನ ಹಿಂದೆ ಮನುಷ್ಯನ ಕಾಲಿನ ಚರಿತ್ರೆ ಇದೆ. ಎರಡನೆಯದರ ಹಿಂದೆ ಚರ್ಮದ ಚರಿತ್ರೆ, ಆ ಚರ್ಮವನ್ನು ಹದಮಾಡಿದ ಕೈಗಳ ಚರಿತ್ರೆ ಇದೆ. ಇವೆರಡನ್ನೂ ತಮ್ಮ ಮುಂದಿಡಬೇಕೆಂಬುದೇ ಈ ಲೇಖನದ ಉದ್ದೇಶ.

ಕಥೆಯನ್ನು ನಮ್ಮ ಕೋಲಾರದ ಬೆಟ್ಟದಿಂದಲೇ ಆರಂಭಿಸೋಣ. ಪೇಟೆಯ ಪಶ್ಚಿಮಕ್ಕೆ ಹಬ್ಬಿರುವ ಶತಶೃಂಗ ಪರ್ವತವನ್ನೂ ಅಂತರಗಂಗೆಯ ಬಸವನ ಬಾಯಿಂದ ಬೀಳುವ ನೀರನ್ನೂ ತಾವು ನೋಡಿರಬಹುದು. ಜಮದಗ್ನಿ ಋಷಿಯೂ ರೇಣುಕಾದೇವಿಯೂ ಈ ಬೆಟ್ಟದಲ್ಲಿ ವಾಸವಾಗಿದ್ದರೆಂದೂ, ಅವರ ಹಸುವಿಗಾಗಿ ಬಂದ ಕಾರ್ತವೀರ್ಯನನ್ನು ಪರಶುರಾಮನು ಸಂಹರಿಸಿದಾಗ ಎದ್ದ ಕೋಲಾಹಲದಿಂದಲೇ ಈ ಊರಿಗೆ ಕೋಲಾಹಲಪುರವೆಂದು ಹೆಸರಾಯಿತೆಂದೂ ಸ್ಥಳಪುರಾಣ ಹೇಳುತ್ತದೆ. ಗಂಗರ ಶಾಸನಗಳಲ್ಲಿ ಬರುವ ಹೆಸರು ಕುವಳಾಲಪುರ, ಅದಂತಿರಲಿ. ಮಹಾಭಾರತದ ಅನುಶಾಸನ ಪರ್ವದಲ್ಲಿ ಇದೇ ದಂಪತಿಗಳ ಮೇಲೆ ಇನ್ನೊಂದು ಕಥೆಯಿದೆ. ಜಮದಗ್ನಿ ಬಾಣ ಬಿಡುತ್ತಾನೆ, ರೇಣುಕೆ ಹೆಕ್ಕಿ ತರುತ್ತಾಳೆ. ಜ್ಯೇಷ್ಠ ಮಾಸದ ನಡುಹಗಲು. ನೆತ್ತಿಯೂ ಕಾಲೂ ಸುಟ್ಟು ಆಕೆ ಮರದ ನೆರಳಿನಲ್ಲಿ ಅರೆಗಳಿಗೆ ನಿಂತು ತಡಮಾಡಿದಳು. ಕಾರಣ ತಿಳಿದ ಋಷಿ ಸೂರ್ಯನ ಮೇಲೆಯೇ ಬಾಣ ಹೂಡಿದ. ಸೂರ್ಯ ಇಳಿದು ಬಂದು ನೆತ್ತಿಗೊಂದು ಕೊಡೆಯನ್ನೂ ಕಾಲಿಗೆ ಚರ್ಮದ ಪಾದರಕ್ಷೆಯನ್ನೂ ಕೊಟ್ಟು ಸಮಾಧಾನ ಮಾಡಿದನಂತೆ.

ಪುರಾಣವನ್ನು ಚರಿತ್ರೆಯೆಂದು ನಾನು ಹೇಳುವುದಿಲ್ಲ. ಆದರೆ ಇದರ ಸ್ವಾರಸ್ಯವನ್ನು ಗಮನಿಸಿ: ಮೆಟ್ಟು ಹುಟ್ಟಿದ್ದು ಒಬ್ಬ ಹೆಂಗಸಿನ ಸುಟ್ಟ ಕಾಲಿನಿಂದ, ಅದನ್ನು ತಂದುಕೊಟ್ಟವನು ಸಾಕ್ಷಾತ್ ಸೂರ್ಯ. ಶತಪಥ ಬ್ರಾಹ್ಮಣದಲ್ಲಿ ರಾಜಸೂಯ ಮಾಡುವ ಅರಸನು ಹಂದಿಯ ಚರ್ಮದ ಪಾದರಕ್ಷೆ ತೊಡಬೇಕೆಂದು ವಿಧಿಯಿದೆ. ಹೀಗೆ ದೇವರಿಂದ ಬಂದ ವಸ್ತು, ಅರಸನ ಕಾಲಿಗೇರಿದ ವಸ್ತು, ಮುಂದೆ ಹೊಸಲಿನ ಹೊರಗೆ ನಿಂತಿತು. ಅದನ್ನು ಮಾಡಿದವನು ಊರಿನ ಹೊರಗೆ ನಿಂತ.

ಕನ್ನಡ ಪಂಡಿತನಾದ ನನಗೆ ಪದಗಳ ಕಡೆಗೆ ಮನಸ್ಸು ಹರಿಯುವುದು ಸಹಜ. ಸಂಸ್ಕೃತದ 'ಪಾದುಕಾ' ಪ್ರಾಕೃತದ ಹಾದಿಯಲ್ಲಿ ನಡೆದು ಬಂದು ನಮ್ಮಲ್ಲಿ 'ಹಾವುಗೆ' ಆಯಿತು. ಚರ್ಮದ ಹಾವುಗೆ 'ಚಮ್ಮಾವುಗೆ' ಆಯಿತು. ದೇಸಿಯಾಗಿ ಕೆರ, ಮೆಟ್ಟು, ಎಕ್ಕಡ, ಜೋಡು ಎಂಬ ಪದಗಳಿವೆ. ಇಂಗ್ಲಿಷಿನ ಬೂಟು ನಮ್ಮ ಹಳ್ಳಿಗಳಲ್ಲಿ 'ಬೂಡ್ಸು' ಆಗಿ ಕನ್ನಡದ ಮನೆಮಗನಾಯಿತು. ಸೈನ್ಯದಲ್ಲಿ ಆನೆಯಾಳು, ಕುದುರೆಯಾಳುಗಳ ಜೊತೆಗೆ ನಡೆಯುವವನಿಗೆ ನಾವು ಇಟ್ಟ ಹೆಸರು 'ಕಾಲಾಳು'. ಕತ್ತಿಯಾಳು ಎನ್ನಲಿಲ್ಲ, ಕೋವಿಯಾಳು ಎನ್ನಲಿಲ್ಲ. ಅವನ ಮೊದಲ ಆಯುಧ ಕಾಲು ಎಂಬುದನ್ನು ನಮ್ಮ ಹಿರಿಯರು ಒಂದೇ ಪದದಲ್ಲಿ ಹೇಳಿಟ್ಟಿದ್ದಾರೆ.

ಚಮ್ಮಾವುಗೆ ಎಂದೊಡನೆ ಹನ್ನೆರಡನೆಯ ಶತಮಾನದ ಹರಳಯ್ಯನ ನೆನಪಾಗುತ್ತದೆ. ಬಸವಣ್ಣನವರು ತನಗೆ ಮರಳಿ ವಂದಿಸಿದ ಋಣವನ್ನು ತೀರಿಸಲಾರದೆ, ತನ್ನ ಮತ್ತು ಮಡದಿಯ ತೊಡೆಯ ಚರ್ಮದಿಂದಲೇ ಆತ ಪಾದರಕ್ಷೆ ಮಾಡಿ ಒಪ್ಪಿಸಿದನೆಂಬ ಕಥೆ ಕನ್ನಡಿಗರೆಲ್ಲರಿಗೂ ಗೊತ್ತು. ಕಲ್ಯಾಣದಲ್ಲಿ ನಡೆದ ಆ ಮಹಾ ಪ್ರಯತ್ನದ ಬಳಿಕವೂ ಚರ್ಮ ಹದಮಾಡುವವನ ಮನೆ ಊರಾಚೆಯೇ ಉಳಿಯಿತು.

ಈ ಸೀಮೆಯ ಚರ್ಮದ ಹದಕ್ಕೆ ಬೇಕಾದ ಸಾಮಗ್ರಿ ನಮ್ಮ ಬಯಲಿನಲ್ಲಿಯೇ ಬೆಳೆಯುತ್ತಿತ್ತು. ಮಾಲೂರಿನಿಂದ ಶ್ರೀನಿವಾಸಪುರದವರೆಗೆ ಯಾವ ಬೀಳು ನೆಲದಲ್ಲಿಯಾದರೂ ಹಳದಿ ಹೂ ಬಿಟ್ಟು ನಿಂತಿರುವ ತಂಗಡಿ ಗಿಡವನ್ನು ನೋಡಿರುತ್ತೀರಿ. ಕೆಲವರು ಇದನ್ನು ಆವರಿಕೆ ಎನ್ನುತ್ತಾರೆ. ಇದರ ತೊಗಟೆಯಲ್ಲಿ ಚರ್ಮವನ್ನು ಕೊಳೆಯದಂತೆ ಕಾಯುವ ಒಗರು ಸತ್ವವಿದೆ. ಹಸಿ ಚರ್ಮವನ್ನು ತೊಳೆದು, ಸುಣ್ಣದ ನೀರಿನಲ್ಲಿ ನೆನೆಸಿ, ಕೂದಲು ಹೆರೆದು, ತಂಗಡಿ ಚಕ್ಕೆಯ ನೀರಿನಲ್ಲಿ ವಾರಗಟ್ಟಲೆ ಇಟ್ಟು, ಅಳಲೆಕಾಯಿಯ ನೀರು ಕೊಟ್ಟು, ಎಣ್ಣೆ ತಿಕ್ಕಿ ನೆರಳಲ್ಲಿ ಒಣಗಿಸಿದರೆ ಅದು ಮೆಟ್ಟಿಗೆ ಒದಗುವ ಚರ್ಮ. ಹೀಗೆ ಹದಮಾಡಿದ ದಕ್ಷಿಣದ ಚರ್ಮ ಮದರಾಸಿನ ಬಂದರಿನಿಂದ ಹಡಗು ಹತ್ತಿ ವಿಲಾಯಿತಿಗೆ ಹೋಗುತ್ತಿತ್ತು. ಬಾವಿಯ ಕಪಿಲೆಯ ಬಾನಿ, ಎತ್ತಿನ ಮಿಣಿ, ತಮಟೆ, ಮೆಟ್ಟು, ಎಲ್ಲವೂ ಅದೇ ಕೈಗಳಿಂದ ಬಂದವು. ಆ ನೀರು ಹೊಲಕ್ಕೆ ಹರಿಯಿತು, ಆ ತಮಟೆ ದೇವರ ಮುಂದೆ ಬಾರಿಸಿತು. ಕೈಗಳು ಮಾತ್ರ ಹೊರಗೇ ಉಳಿದವು.

ಇನ್ನು ಸೈನ್ಯದ ಕಡೆಗೆ ಬರೋಣ. ಹೈದರಾಲಿ ಹುಟ್ಟಿದ ಬೂದಿಕೋಟೆ ನಮಗೆ ದೂರವಲ್ಲ. ಮೊದಲನೆಯ ಮೈಸೂರು ಯುದ್ಧದಲ್ಲಿ, ೧೭೬೮ರ ಅಕ್ಟೋಬರ್ ೪ರಂದು, ಮುಳಬಾಗಿಲಿನ ಬಂಡೆಗಳ ನಡುವೆ ಹೈದರನ ಸೈನ್ಯಕ್ಕೂ ಕರ್ನಲ್ ವುಡ್ಡನ ಕಂಪನಿ ಸೈನ್ಯಕ್ಕೂ ಘೋರ ಕಾಳಗವಾಯಿತು. ಸೋಲುವ ಹೊತ್ತಿನಲ್ಲಿ ಸಾಮಾನು ಕಾಯುತ್ತಿದ್ದ ಒಂದು ಸಣ್ಣ ತುಕಡಿ ಬಂಡೆಯ ಮರೆಯಿಂದ ಮೇಲೇರಿ, ಕರ್ನಲ್ ಸ್ಮಿತ್ತನ ದೊಡ್ಡ ಸೈನ್ಯವೇ ಬಂದಿತೆಂಬ ಭ್ರಮೆ ಹುಟ್ಟುವಂತೆ ಅವನ ಹೆಸರನ್ನು ಕೂಗಿ ಗುಂಡು ಹಾರಿಸಿ ಕಾಳಗದ ಗತಿಯನ್ನೇ ತಿರುಗಿಸಿತು. ಆ ಬಂಡೆಗಳನ್ನು ಹತ್ತಿದ ಕಾಲುಗಳು ಎಂಥವು? ಆ ಕಾಲದ ಚಿತ್ರಗಳಲ್ಲಿ ಕಂಪನಿಯ ದೇಶೀ ಸಿಪಾಯಿಗಳು ಕೆಂಪು ಅಂಗಿ ತೊಟ್ಟಿರುತ್ತಾರೆ. ಕಾಲಿಗೆ ಮಾತ್ರ ಚಪ್ಪಲಿ, ಇಲ್ಲವೇ ಬರಿಗಾಲು. ಅಂಗಿ ವಿಲಾಯಿತಿಯದು, ಕಾಲು ನಮ್ಮದು!

ಸಿಪಾಯಿಯ ಉಡುಪಿನಲ್ಲಿ ಚರ್ಮ ಎಷ್ಟು ಸೂಕ್ಷ್ಮವಾದ ವಿಷಯವೆಂಬುದಕ್ಕೆ ೧೮೦೬ರ ವೇಲೂರಿನ ದಂಗೆ ಸಾಕ್ಷಿ. ಹೊಸ ಟೋಪಿಯಲ್ಲಿ ಚರ್ಮದ ಕುಚ್ಚು ಇದ್ದುದೂ ಆ ಅಸಮಾಧಾನದ ಕಾರಣಗಳಲ್ಲಿ ಒಂದು. ಮುಳಬಾಗಿಲಿನಿಂದ ಪೂರ್ವಕ್ಕೆ ಘಟ್ಟ ಇಳಿದರೆ ಆ ವೇಲೂರು ಬಹು ದೂರವೇನಲ್ಲ.

ಸೈನಿಕನ ಬೂಟಿನ ಚರಿತ್ರೆ ಬಹು ಹಳೆಯದು. ರೋಮನ್ ಸೈನಿಕರು ಅಟ್ಟೆಗೆ ಕಬ್ಬಿಣದ ಮೊಳೆ ಹೊಡೆದ ಮೆಟ್ಟು ತೊಡುತ್ತಿದ್ದರು. ಅದಕ್ಕೆ 'ಕಾಲಿಗಾ' ಎಂದು ಹೆಸರು. ಸೇನಾನಿ ಜರ್ಮಾನಿಕಸನ ಪುಟ್ಟ ಮಗ ಪಾಳೆಯದಲ್ಲಿ ಅಂಥದೇ ಚಿಕ್ಕ ಮೆಟ್ಟು ತೊಟ್ಟು ಓಡಾಡುತ್ತಿದ್ದುದರಿಂದ ಸೈನಿಕರು ಅವನನ್ನು 'ಕಾಲಿಗುಲಾ', ಅಂದರೆ 'ಪುಟ್ಟ ಬೂಟು', ಎಂದು ಕರೆದರು. ಮುಂದೆ ಅವನು ಕ್ರೂರ ಚಕ್ರವರ್ತಿಯಾದ. ಬೂಟು ತೊಟ್ಟ ಮಾತ್ರಕ್ಕೆ ಶಿಸ್ತು ಬರುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ತಾವು ನಂಬಲಿಕ್ಕಿಲ್ಲ, ಹತ್ತೊಂಬತ್ತನೆಯ ಶತಮಾನದ ಆದಿಯವರೆಗೆ ಯೂರೋಪಿನ ಸೈನಿಕರ ಬೂಟಿಗೆ ಸಾಮಾನ್ಯವಾಗಿ ಎಡ ಬಲವೆಂಬ ಭೇದವೇ ಇರಲಿಲ್ಲ. ಒಂದೇ ಅಚ್ಚಿನ ಮೇಲೆ ಎರಡನ್ನೂ ಹೊಲಿಯುತ್ತಿದ್ದರು. ತೊಟ್ಟು ತೊಟ್ಟು ಕಾಲೇ ಬೂಟನ್ನು ತಿದ್ದಬೇಕಾಗಿತ್ತು, ಇಲ್ಲವೇ ಬೂಟು ಕಾಲನ್ನು ಕೆಡಿಸುತ್ತಿತ್ತು. ಅಮೆರಿಕದಲ್ಲಿ ೧೮೫೮ರಲ್ಲಿ ಲೈಮನ್ ಬ್ಲೇಕ್ ಅಟ್ಟೆ ಹೊಲಿಯುವ ಯಂತ್ರಕ್ಕೆ ಹಕ್ಕುಪತ್ರ ಪಡೆದ. ೧೮೮೩ರಲ್ಲಿ ಯಾನ್ ಮಾಟ್ಸೆಲಿಗರ್ ಎಂಬ ಕರಿಯ ಕುಶಲಕರ್ಮಿ ಮೇಲ್ಚರ್ಮವನ್ನು ಅಚ್ಚಿನ ಮೇಲೆ ಎಳೆದು ಕೂಡಿಸುವ ಯಂತ್ರವನ್ನು ರೂಪಿಸಿದ. ೧೮೮೪ರಲ್ಲಿ ಆಗಸ್ಟಸ್ ಷುಲ್ಟ್ಸ್ ತೊಗಟೆಗೆ ಬದಲಾಗಿ ಕ್ರೋಮಿಯಂ ಲವಣಗಳಿಂದ ಚರ್ಮ ಹದಮಾಡುವ ಕ್ರಮಕ್ಕೆ ಹಕ್ಕುಪತ್ರ ಪಡೆದ. ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ ದಿನಗಳಿಗೆ ಇಳಿಯಿತು. ಚರ್ಮ ನೀರನ್ನೂ ಬಿಸಿಯನ್ನೂ ಹೆಚ್ಚು ತಡೆಯುವಂತಾಯಿತು.

ನಮ್ಮ ದೇಶದಲ್ಲಿ ಸೈನ್ಯದ ಬೂಟಿನ ತವರು ಕಾನ್ಪುರ. ೧೮೫೭ರ ದಂಗೆಯ ತರುವಾಯ ಅಲ್ಲಿ ಸರ್ಕಾರದ ಜೀನು ಮತ್ತು ಸರಂಜಾಮಿನ ಕಾರ್ಖಾನೆ ಹುಟ್ಟಿತು. ೧೮೮೧ರ ಸುಮಾರಿಗೆ ಕೂಪರ್ ಅಲೆನ್ ಕಂಪನಿ ಬೂಟು ತಯಾರಿಸತೊಡಗಿತು. ದಕ್ಷಿಣದಲ್ಲಿ ಕ್ರೋಮ್ ಚರ್ಮದ ಪ್ರಯೋಗಕ್ಕೆ ಮದರಾಸಿನಲ್ಲಿ ೧೯೦೩ರ ಸುಮಾರಿಗೆ ಕೈಯಿಟ್ಟವರು ಆಲ್ಫ್ರೆಡ್ ಚ್ಯಾಟರ್ಟನ್. ಇವರೇ ಮುಂದೆ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, ಮೈಸೂರು ಸಂಸ್ಥಾನದ ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆಯ ನಿರ್ದೇಶಕರಾಗಿದ್ದರು. ಸ್ವಾತಂತ್ರ್ಯದ ಮರುವರ್ಷ, ೧೯೪೮ರಲ್ಲಿ, ಮದರಾಸಿನಲ್ಲಿ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಗೆ ತಳಹದಿ ಬಿತ್ತು.

ಆದರೆ ಲಾಭದ ಜೊತೆಗೆ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯುವುದು ನ್ಯಾಯ. ನಮ್ಮ ಕಡೆಯಿಂದ ಹುಟ್ಟಿ ಬೇತಮಂಗಲದ ಕೆರೆಯನ್ನು ತುಂಬಿಸಿ ಕೆಳಗೆ ಇಳಿಯುವ ಪಾಲಾರ್ ನದಿ ಮುಂದೆ ವಾಣಿಯಂಬಾಡಿ, ಆಂಬೂರು, ರಾಣಿಪೇಟೆಗಳ ಪಕ್ಕದಲ್ಲಿ ಹರಿಯುತ್ತದೆ. ಇವೆಲ್ಲ ಚರ್ಮದ ಊರುಗಳು. ಅಲ್ಲಿನ ಕಾರ್ಖಾನೆಗಳ ಕೊಳೆನೀರಿನಿಂದ ನದಿಯೂ ಬಾವಿಗಳೂ ಕೆಟ್ಟ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, ೧೯೯೬ರಲ್ಲಿ ಬಂದ ತೀರ್ಪು ಕೆಡಿಸಿದವನೇ ದಂಡ ತೆರಬೇಕೆಂಬ ತತ್ವವನ್ನು ನಮ್ಮ ಕಾನೂನಿನಲ್ಲಿ ನೆಲೆಗೊಳಿಸಿತು. ಬೂಟಿನ ಬೆಲೆ ಅಂಗಡಿಯ ಚೀಟಿಯಲ್ಲಿ ಮಾತ್ರ ಇರುವುದಿಲ್ಲ. ಆದುದರಿಂದ ಕೊಂಡ ಬೂಟನ್ನು ಬಹುಕಾಲ ಬಾಳಿಸುವುದು ಜಿಪುಣತನವಲ್ಲ, ಧರ್ಮ.

ಈಗ ತಂದೆಯ ಮಾತಿಗೆ ಬರೋಣ: "ಒಂದಳತೆ ದೊಡ್ಡದೇ ತರೋಣ." ಅಳತೆ ಎಂದರೇನು? ಇಂಗ್ಲಿಷರ ಹಳೆಯ ಲೆಕ್ಕದಲ್ಲಿ ಮೂರು ಬಾರ್ಲಿ ಕಾಳು ಸೇರಿದರೆ ಒಂದು ಅಂಗುಲ. ಬೂಟಿನ ಒಂದು ಅಳತೆಗೂ ಮುಂದಿನ ಅಳತೆಗೂ ಒಂದು ಕಾಳಿನ ಅಂತರ, ಅಂದರೆ ಸುಮಾರು ಎಂಟೂವರೆ ಮಿಲಿಮೀಟರ್. ಬಾರ್ಲಿ ಕಾಳು ಚಿಕ್ಕದೇ; ಆದರೆ ಹತ್ತು ಮೈಲಿ ನಡೆಯುವಾಗ ಹಿಮ್ಮಡಿಯ ಹಿಂದೆ ಆ ಒಂದು ಕಾಳಿನಷ್ಟು ಜಾಗ ಏನು ಮಾಡುತ್ತದೆಂಬುದನ್ನು ನಡೆದವನೇ ಬಲ್ಲ.

ಇದನ್ನು ಶಾಸ್ತ್ರೀಯವಾಗಿ ನೋಡಿದವರು ಅಮೆರಿಕದ ಸೈನ್ಯದ ವೈದ್ಯರಾದ ಎಡ್ವರ್ಡ್ ಮನ್ಸನ್. ನಾಲ್ಕು ವರ್ಷ ಸುಮಾರು ಎರಡು ಸಾವಿರ ಸೈನಿಕರ ಕಾಲುಗಳನ್ನು ಪರೀಕ್ಷಿಸಿ ೧೯೧೨ರಲ್ಲಿ ಗ್ರಂಥವನ್ನೇ ಬರೆದರು. ಅವರು ಕಂಡ ಮುಖ್ಯ ಸಂಗತಿ, ಕುಳಿತವನ ಕಾಲು ಬೇರೆ, ಹೊರೆ ಹೊತ್ತು ನಿಂತವನ ಕಾಲು ಬೇರೆ ಎಂಬುದು. ಭಾರ ಬಿದ್ದಾಗ ಪಾದ ಉದ್ದಕ್ಕೂ ಅಗಲಕ್ಕೂ ಹರಡುತ್ತದೆ. ಆದ್ದರಿಂದ ೪೦ ಪೌಂಡು ಹೊರೆ ಹೊರಿಸಿ ನಿಲ್ಲಿಸಿಯೇ ಬೂಟಿನ ಅಳತೆ ನೋಡಬೇಕೆಂದು ಆ ಸೈನ್ಯದಲ್ಲಿ ಆಜ್ಞೆಯಾಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಮೊದಲನೆಯ ಮಹಾಯುದ್ಧ ಬಂತು. ಫ್ರಾನ್ಸಿನ ಕೆಸರಿನ ಕಂದಕಗಳಲ್ಲಿ ಒದ್ದೆ ಬೂಟಿನೊಳಗೆ ಕಾಲು ದಿನಗಟ್ಟಲೆ ನೆನೆದು, ಮರಗಟ್ಟಿ, ಕೊಳೆಯುವ ರೋಗ ಹಬ್ಬಿತು. ೧೯೧೪–೧೫ರ ಚಳಿಗಾಲದಲ್ಲಿ ಬ್ರಿಟಿಷ್ ಸೈನ್ಯದಲ್ಲಿಯೇ ಸುಮಾರು ೨೦,೦೦೦ ಮಂದಿ ಇದಕ್ಕೆ ತುತ್ತಾದರೆಂದು ಲೆಕ್ಕ. ಅದೇ ಚಳಿಗಾಲದಲ್ಲಿ ಭಾರತೀಯ ಸೈನಿಕರೂ ಅಲ್ಲಿದ್ದರು. ಕೊನೆಗೆ ಇದಕ್ಕೆ ದೊರೆತ ಮದ್ದು ದಿನವೂ ಬೂಟು ಬಿಚ್ಚಿಸಿ ಕಾಲು ಒರಸುವುದು, ಎಣ್ಣೆ ತಿಕ್ಕುವುದು, ಒಣಗಿದ ಕಾಲುಚೀಲ ತೊಡಿಸುವುದು, ಅಷ್ಟೇ.

ನಮ್ಮ ಸ್ವಂತ ನೆನಪಿಗೆ ೧೯೬೨ ಸಾಕು. ಆ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಹಿಮಾಲಯದ ಎತ್ತರದಲ್ಲಿ ಕಾದಿದ ನಮ್ಮ ಯೋಧರಲ್ಲಿ ಅನೇಕರಿಗೆ ಹತ್ತಿಯ ಉಡುಪೂ ಕ್ಯಾನ್ವಾಸ್ ಬೂಟೂ ಬಿಟ್ಟರೆ ಹಿಮಕ್ಕೆ ತಕ್ಕ ಸಾಮಗ್ರಿ ಇರಲಿಲ್ಲ. ಬೂಟು ಅಲಂಕಾರವಲ್ಲ ಎಂಬುದನ್ನು ದೇಶ ಕಲಿತದ್ದು ಬಹಳ ದುಬಾರಿಯ ಪಾಠದಿಂದ.

ಎನ್.ಸಿ.ಸಿ.ಯ ಚರಿತ್ರೆಯೂ ಇದರೊಡನೆ ಹೆಣೆದುಕೊಂಡಿದೆ. ವಿಶ್ವವಿದ್ಯಾನಿಲಯಗಳ ಸೈನಿಕ ಶಿಕ್ಷಣದ ದಳಗಳು ೧೯೧೭ರಲ್ಲಿಯೇ ಮೊಳೆತು, ೧೯೨೦ರ ಕಾಯಿದೆಯಿಂದ ರೂಪುಗೊಂಡಿದ್ದವು. ೧೯೪೬ರಲ್ಲಿ ಪಂಡಿತ ಹೃದಯನಾಥ ಕುಂಜ್ರೂ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಕುಳಿತು, ಅದರ ಸಲಹೆಯಂತೆ ೧೯೪೮ರಲ್ಲಿ ರಾಷ್ಟ್ರೀಯ ಕೆಡೆಟ್ ಕೋರ್ ಕಾಯಿದೆ ಬಂದು ಜುಲೈಯಲ್ಲಿ ದಳ ಹುಟ್ಟಿತು. ಕಾಲೇಜಿಗೆ ಹಿರಿಯ ವಿಭಾಗ, ಪ್ರೌಢಶಾಲೆಗೆ ಕಿರಿಯ ವಿಭಾಗ. ೧೯೪೯ರಲ್ಲಿ ಹೆಣ್ಣುಮಕ್ಕಳ ವಿಭಾಗವೂ ಸೇರಿತು. ಚೀನಾ ಯುದ್ಧದ ಮರುವರ್ಷ, ೧೯೬೩ರಲ್ಲಿ, ಕಾಲೇಜು ವಿದ್ಯಾರ್ಥಿಗಳಿಗೆ ಇದು ಕಡ್ಡಾಯವಾಯಿತು. ೧೯೬೮ರಲ್ಲಿ ಮತ್ತೆ ಐಚ್ಛಿಕವಾಯಿತು. ಬಹುಕಾಲ ಕೆಡೆಟ್ಟಿಗೆ ಉಡುಪೂ ಬೂಟೂ ಉಗ್ರಾಣದಿಂದ ಬರುತ್ತಿದ್ದವು. ಹಳೆಯ ದಿನಗಳಲ್ಲಿ ಅಟ್ಟೆಗೆ ಮೊಳೆ, ಹಿಮ್ಮಡಿಗೆ ಲಾಳ ಹೊಡೆದ ಬೂಟುಗಳು ಸಿಮೆಂಟಿನ ನೆಲದ ಮೇಲೆ ಟಕಟಕನೆ ಮೊಳಗುತ್ತಿದ್ದವು. ೨೦೨೨ರಲ್ಲಿ ಉಡುಪಿನ ಭತ್ಯವನ್ನು ನೇರವಾಗಿ ಕೆಡೆಟ್ಟಿನ ಬ್ಯಾಂಕ್ ಖಾತೆಗೆ ಹಾಕುವ ಏರ್ಪಾಡಾಯಿತು. ಹೀಗಾಗಿ ಆರಿಸುವ ಹೊಣೆ ಮನೆಗೆ ಬಂದಿದೆ. ಈ ಲೇಖನಕ್ಕೂ ಅದೇ ಪ್ರೇರಣೆ.

ಇಲ್ಲಿ ನನ್ನದೊಂದು ತಪ್ಪನ್ನು ನಿವೇದಿಸಿಕೊಳ್ಳಬೇಕು. ೧೯೮೦ರ ದಶಕದ ಮಾತು. ನಾನು ಒಂಬತ್ತನೆಯ ತರಗತಿಯ ಕೆಡೆಟ್. ಬೂಟುಗಳ ರಾಶಿಯಿಂದ ಅವರವರದನ್ನು ಆರಿಸಿಕೊಳ್ಳಿ ಎಂದರು. ಕಾಲಿಗೆ ಸರಿಹೊಂದುವ ಒಂದು ಜೊತೆ ಇತ್ತು, ಮಾಸಿದ್ದು. ಪಕ್ಕದಲ್ಲಿ ಕನ್ನಡಿಯಂತೆ ಹೊಳೆಯುವ ಇನ್ನೊಂದು ಜೊತೆ, ಒಂದಳತೆ ದೊಡ್ಡದು. ನಾನು ಹೊಳಪನ್ನು ಆರಿಸಿದೆ. ಮುಳಬಾಗಿಲಿನ ಹತ್ತಿರ ಶಿಬಿರ. ಒಂದು ಬೆಳಿಗ್ಗೆ ಆವಣಿ ಬೆಟ್ಟಕ್ಕೆ ನಡಿಗೆ. ಬೆಟ್ಟ ಕಾಣುವ ಮೊದಲೇ ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು ಒಡೆದಿದ್ದವು. ನಮ್ಮ ಭಾಷೆಯಲ್ಲಿ ಬೂಟು 'ಕಚ್ಚುತ್ತದೆ'; ಆ ದಿನ ಅದು ನಾಯಿಯ ಹಾಗೆ ಕಚ್ಚಿತು.

ಮರುದಿನ ಪೇಟೆಯಲ್ಲಿ ಹುಣಿಸೆಮರದ ಕೆಳಗೆ ಕುಳಿತಿದ್ದ ಚಪ್ಪಲಿ ಹೊಲೆಯುವ ಮುದುಕನ ಬಳಿ ಹೋಗಿ, "ತಾತಾ, ಈ ಬೂಟು ಸರಿಮಾಡಿಕೊಡು" ಎಂದೆ. ಆತ ಬೂಟನ್ನು ಮುಟ್ಟಲಿಲ್ಲ. "ಬೂಟು ಆಮೇಲೆ ನೋಡಾನ ಸಾಮಿ, ಮೊದ್ಲು ಕಾಲು ತೋರ್ಸಿ" ಎಂದ. ಹಳೆಯ ಪತ್ರಿಕೆಯ ಮೇಲೆ ನನ್ನನ್ನು ನಿಲ್ಲಿಸಿ, ಇದ್ದಿಲಿನಿಂದ ಎರಡೂ ಪಾದದ ಸುತ್ತ ಗೆರೆ ಎಳೆದ. "ನೋಡಿ, ನಿಮ್ಮ ಬಲಗಾಲು ಒಂದು ಚೂರು ದೊಡ್ಡದು. ಎಲ್ಲಾರ್ಗೂ ಹಂಗೇ ಒಂದು ಹೆಚ್ಚುಕಮ್ಮಿ." ರಂಪಿಗೆಯಿಂದ ಮೃದುವಾದ ಚರ್ಮದ ತುಂಡು ಕತ್ತರಿಸಿ ಒಳಗೆ ಹಾಸಿದ, ಹಿಮ್ಮಡಿಯ ಹಿಂದೆ ಒಂದು ಪಟ್ಟಿ ಕೂಡಿಸಿದ. ಕೆಲಸ ಮಾಡುತ್ತಲೇ, ನಗುತ್ತಲೇ, ಹೇಳಿದ ಮಾತು ಇದು: "ನಮ್ಮಪ್ಪ ಊರ್ಗೆಲ್ಲ ಮೆಟ್ಟು ಹೊಲ್ದ ಸಾಮಿ. ತಾನು ಊರೊಳಕ್ಕೆ ಹೋಗ್ಬೇಕಾದ್ರೆ ಮಾತ್ರ ತನ್ನ ಮೆಟ್ಟು ಬಿಚ್ಚಿ ಕೈಲಿ ಹಿಡ್ಕೊಂಡು ಹೋಗ್ತಿದ್ದ."

ನಾನು ದುಡ್ಡು ಕೊಟ್ಟು ಬಂದೆ. ಆತನ ಹೆಸರು ಕೇಳಬೇಕೆಂದು ತೋಚಲಿಲ್ಲ. ಮನೆಗೆ ಹಿಂತಿರುಗಿದಾಗ ಅಜ್ಜಿ, ಬೂಟು ಮುಟ್ಟಿದ್ದಕ್ಕೆ ಸ್ನಾನ ಮಾಡಿಸಿದರು, ಮಾಡಿದೆ. ನನ್ನ ಕಾಲನ್ನು ಉಳಿಸಿದವನ ಪರವಾಗಿ ಒಂದು ಮಾತು ಆಡಲಿಲ್ಲ. ಬೊಬ್ಬೆ ವಾರದಲ್ಲಿ ಮಾಯಿತು.

ಆ ತಾತ ಕಲಿಸಿದ್ದನ್ನೂ, ಶಾಲೆಯ ದಳದ ಹೊಣೆ ಹೊತ್ತ ವರ್ಷಗಳಲ್ಲಿ ನಾನು ಕಲಿತದ್ದನ್ನೂ ಸೇರಿಸಿ ತಮಗೆ ಅರಿಕೆ ಮಾಡುತ್ತೇನೆ.

ಬೂಟನ್ನು ಸಂಜೆ ಕೊಳ್ಳಿ. ಹಗಲೆಲ್ಲ ಓಡಾಡಿದ ಕಾಲು ಸ್ವಲ್ಪ ಊದಿರುತ್ತದೆ. ಕವಾಯತಿಗೆ ತೊಡುವ ದಪ್ಪ ಕಾಲುಚೀಲವನ್ನೇ ಹುಡುಗ ಹಾಕಿಕೊಂಡಿರಲಿ. ಎರಡೂ ಕಾಲಿಗೆ ತೊಡಿಸಿ, ದೊಡ್ಡ ಕಾಲಿಗೆ ಹೊಂದುವುದನ್ನು ಆರಿಸಿ. ಪುಸ್ತಕದ ಚೀಲ ಹೊರಿಸಿ ನಿಲ್ಲಿಸಿ. ಹೆಬ್ಬೆರಳಿನ ಮುಂದೆ ಒಂದು ಹೆಬ್ಬೆಟ್ಟಿನ ಅಗಲ ಜಾಗ ಇರಲಿ. ಬೆಳೆಯುವ ಕಾಲಿಗೂ ಅಷ್ಟು ಸಾಕು. ಬೆರಳುಗಳು ಒಳಗೆ ಆಡಬೇಕು, ಹಿಮ್ಮಡಿ ಆಡಬಾರದು. ಪಾದ ಬಾಗುವಲ್ಲಿಯೇ ಬೂಟೂ ಬಾಗಬೇಕು. ಒಳಗೆ ಕೈಹಾಕಿ ಮೊಳೆಯೋ ಹೊಲಿಗೆಯ ಗಂಟೋ ತಾಕುತ್ತದೆಯೇ ನೋಡಿ. ಹೊಳಪನ್ನು ಮಾತ್ರ ನೋಡಬೇಡಿ. ಹೊಳಪು ನಾವು ಕೊಡುವುದು, ಅಳತೆ ಹುಟ್ಟಿನಿಂದ ಬರುವುದು. ನಮ್ಮ ಜನರ ಪಾದ ಪಾಶ್ಚಾತ್ಯರದಕ್ಕಿಂತ ಅಗಲವೆಂಬುದನ್ನೂ ನೆನಪಿಡಿ. ಮದರಾಸಿನ ಅದೇ ಚರ್ಮ ಸಂಶೋಧನಾ ಸಂಸ್ಥೆ ೨೦೨೧ರ ಡಿಸೆಂಬರಿನಿಂದ ೨೦೨೨ರ ಮಾರ್ಚಿಯವರೆಗೆ ದೇಶದ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಅಳೆದು, ಭಾರತದ ಕಾಲಿಗೆ ಭಾರತದ್ದೇ ಅಳತೆ ಬೇಕೆಂದು 'ಭ' ಎಂಬ ಕ್ರಮವನ್ನು ಸೂಚಿಸಿದೆ.

ಹೊಸ ಬೂಟನ್ನು ತೊಟ್ಟು ಅದೇ ದಿನ ನಡಿಗೆಗೆ ಹೊರಡುವುದು ಅವಿವೇಕ. ಎರಡು ವಾರ, ದಿನಕ್ಕೊಂದು ಗಂಟೆ ತೊಟ್ಟು ಪಳಗಿಸಬೇಕು. ನಮ್ಮ ನಾಲ್ಕು ತಾಲ್ಲೂಕಿನ ನೆಲವೂ ಒಂದೇ ಅಲ್ಲ: ಮಾಲೂರಿನ ಜೇಡಿಯು, ಹೆಂಚಿಗೆ ಒಳ್ಳೆಯದು, ಮಳೆಗಾಲದಲ್ಲಿ ಅಟ್ಟೆಗೆ ಗೋಡೆಯ ಹಾಗೆ ಅಂಟುತ್ತದೆ, ಮುಳಬಾಗಿಲಿನ ಕಲ್ಲು ಅಟ್ಟೆಯನ್ನು ಸವೆಸುತ್ತದೆ, ಶ್ರೀನಿವಾಸಪುರದ ಮಾವಿನ ತೋಪುಗಳ ಬೇಲಿಯ ಮುಳ್ಳು ತೂರಿಕೊಳ್ಳುತ್ತದೆ, ಕೋಲಾರದ ಕೆಂಪು ಧೂಳು ಹೊಲಿಗೆಯೊಳಗೆ ಕುಳಿತು ದಾರವನ್ನು ಕೊಯ್ಯುತ್ತದೆ. ಆದ್ದರಿಂದ ಮನೆಗೆ ಬಂದೊಡನೆ ಲೇಸನ್ನು ಪೂರ್ತಿ ಸಡಿಲಿಸಿ ಬಿಚ್ಚಬೇಕು, ಒದ್ದು ಕಳಚಬಾರದು. ಮಣ್ಣನ್ನು ಬ್ರಷ್ಷಿನಿಂದ ಕೊಡವಿ, ಒದ್ದೆ ಬಟ್ಟೆಯಿಂದ ಒರಸಬೇಕು. ನೆನೆದ ಬೂಟಿನೊಳಗೆ ಪತ್ರಿಕೆಯ ಕಾಗದ ತುರುಕಿ ನೆರಳಿನ ಗಾಳಿಯಲ್ಲಿ ಇಡಬೇಕು. ಒಲೆಯ ಬಳಿಯೋ ಬಿಸಿಲಿನಲ್ಲೋ ಇಟ್ಟರೆ ಚರ್ಮ ಹಪ್ಪಳವಾಗಿ ಬಿರಿಯುತ್ತದೆ. ಪಾಲಿಷನ್ನು ತೆಳುವಾಗಿ ಹಚ್ಚಿ, ಕೆಲವು ನಿಮಿಷ ಬಿಟ್ಟು ಬ್ರಷ್ಷಿನಿಂದ ಉಜ್ಜಿ, ಕೊನೆಗೆ ಒಂದೆರಡು ಹನಿ ನೀರು ತಾಕಿಸಿದ ಬಟ್ಟೆಯಿಂದ ಸಣ್ಣ ಸಣ್ಣ ಸುತ್ತು ಹಾಕಿದರೆ ಮುಖ ಕಾಣುವ ಹೊಳಪು ಬರುತ್ತದೆ. ಮೇಣ ನೀರನ್ನು ತಡೆಯುತ್ತದೆ. ಹೊಳಪು ಅದರ ಉಪಫಲ. ಕಾಲುಚೀಲ ದಿನವೂ ಒಗೆಯಬೇಕು. ಉಗುರನ್ನು ನೇರವಾಗಿ ಕತ್ತರಿಸಬೇಕು. ಬೊಬ್ಬೆ ಎದ್ದರೆ ಸಿಪ್ಪೆ ಸುಲಿಯದೆ ಶುಚಿಯಾಗಿ ಮುಚ್ಚಿಡಬೇಕು.

ಇನ್ನು ಎರಡನೆಯ ಮಾತು, ಹೊಸಲಿನ ಮಾತು.

ಕೆಲವು ವರ್ಷಗಳ ಹಿಂದೆ ಒಂದು ಗಣರಾಜ್ಯೋತ್ಸವದ ಮುನ್ನಾದಿನ ಶಾಲೆಯ ಜಗಲಿಯಲ್ಲಿ ಒಬ್ಬ ಹುಡುಗ ಕುಳಿತು ಬೂಟು ಉಜ್ಜುತ್ತಿದ್ದ. ಅವನ ಮುಂದೆ ಒಂದು ಜೊತೆಯಲ್ಲ, ಹನ್ನೊಂದು ಜೊತೆ. ಚರ್ಮದ ಕೆಲಸದ ಮನೆತನದವನು; "ಅವನಿಗೆ ಚೆನ್ನಾಗಿ ಬರುತ್ತೆ ಸಾರ್" ಎಂದು ಉಳಿದವರು ಸಹಜವೆಂಬಂತೆ ಹೇಳಿದರು. ಅವರು ಕೆಟ್ಟ ಹುಡುಗರಲ್ಲ. ನಾನೂ ಆ ಅಜ್ಜಿಯ ಮೊಮ್ಮಗನೇ ತಾನೇ! ನನಗೆ ಹುಣಿಸೆಮರದ ತಾತ ನೆನಪಾದ. ಬೈಯಲಿಲ್ಲ. ನನ್ನ ಬೂಟನ್ನು ಬಿಚ್ಚಿ, ಅವನ ಪಕ್ಕದಲ್ಲಿ ನೆಲದ ಮೇಲೆ ಕುಳಿತು, "ಹೇಗೆ ಉಜ್ಜುವುದು, ಕಲಿಸಪ್ಪಾ" ಎಂದೆ. ಹುಡುಗರು ಒಬ್ಬೊಬ್ಬರಾಗಿ ತಮ್ಮ ತಮ್ಮ ಜೊತೆಯನ್ನು ಎತ್ತಿಕೊಂಡು ಸುತ್ತ ಕುಳಿತರು. ಅವನು ಮೊದಲು ನಾಚಿದ. ಆಮೇಲೆ ಒಬ್ಬನ ಕೈಹಿಡಿದು, "ಹಿಂಗಲ್ಲ ಕಣೋ, ಮೆಲ್ಲಗೆ" ಎಂದು ತಿದ್ದತೊಡಗಿದ. ಆಳಾಗಿ ಕುಳಿತವನು ಗುರುವಾಗಿ ಎದ್ದ. ಅಂದಿನಿಂದ ನಮ್ಮ ದಳದಲ್ಲಿ ಒಂದೇ ನಿಯಮ: ಅವರವರ ಬೂಟನ್ನು ಅವರವರೇ ಉಜ್ಜಬೇಕು.

ಇದು ಸಣ್ಣ ಸಂಗತಿಯೆಂದು ತಮಗೆ ತೋರಬಹುದು. ಅಸ್ಪೃಶ್ಯತೆಯನ್ನು ೧೯೫೦ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ ಹದಿನೇಳನೆಯ ವಿಧಿ ನಿಷೇಧಿಸಿತು. ೧೯೫೫ರಲ್ಲಿ ಅದಕ್ಕೆ ಶಿಕ್ಷೆ ವಿಧಿಸುವ ಕಾಯಿದೆ ಬಂತು. ೧೯೮೯ರಲ್ಲಿ ದೌರ್ಜನ್ಯ ತಡೆಯ ಕಾಯಿದೆ ಬಂತು. ಇಷ್ಟಾದ ಮೇಲೂ ೨೦೧೫ರ ತಿದ್ದುಪಡಿಯಲ್ಲಿ, ಪರಿಶಿಷ್ಟ ಜಾತಿ ಪಂಗಡಗಳವರು ಸಾರ್ವಜನಿಕ ಸ್ಥಳದಲ್ಲಿ ಪಾದರಕ್ಷೆ ತೊಡುವುದನ್ನು ತಡೆಯುವುದು ಅಪರಾಧವೆಂದು ಬಾಯಿಬಿಟ್ಟು ಬರೆಯಬೇಕಾಯಿತು. ಮೆಟ್ಟನ್ನು ಕೈಯಲ್ಲಿ ಹಿಡಿದು ನಡೆದ ಆ ತಾತನ ತಂದೆಗೆ ಕಾನೂನಿನ ಪುಸ್ತಕದಲ್ಲಿ ಆ ಒಂದು ಪದ ಬರಲು ಇಷ್ಟು ಕಾಲ ಹಿಡಿಯಿತು.

ಕವಾಯತಿನ ಮೈದಾನದಲ್ಲಿ 'ತೇಜ್ ಚಲ್' ಎಂಬ ಆಜ್ಞೆ ಬಿದ್ದಾಗ ಮೂವತ್ತು ಎಡಗಾಲು ಒಟ್ಟಿಗೆ ಮೇಲೇಳುತ್ತವೆ. ಆ ಸದ್ದಿನಲ್ಲಿ ಯಾರ ಬೂಟು ಯಾರದೆಂದು ಹೇಳಲು ಬರುವುದಿಲ್ಲ. ಆದುದರಿಂದ, ವಾಚಕರೇ, ಈ ಜುಲೈಯಲ್ಲಿ ತಮ್ಮ ಮನೆಯ ಹುಡುಗನೋ ಹುಡುಗಿಯೋ ಬೂಟು ಬೇಕೆಂದರೆ ಸಂಜೆ ಕರೆದುಕೊಂಡು ಹೋಗಿ, ಕಾಲಿಗೆ ತಕ್ಕುದನ್ನು ಕೊಡಿಸಿ. ಒಂದಳತೆ ದೊಡ್ಡದು ಬೇಡ. ಅಟ್ಟೆ ಸವೆದಾಗ ಬಿಸಾಡದೆ, ಮರದ ಕೆಳಗೆ ಕುಳಿತವರ ಬಳಿಗೆ ಮಗುವನ್ನೇ ಕಳುಹಿಸಿ, ಅವರ ಹೆಸರನ್ನು ಕೇಳಿಕೊಂಡು ಬರಲು ಹೇಳಿ. ಉಜ್ಜಿದ ಬೂಟನ್ನು ಬಾಗಿಲ ಹೊರಗೇ ಇಡಿಸಿ. ಶುಚಿಗಾಗಿ ಇಡುವುದು ಒಳ್ಳೆಯದೇ. ಆದರೆ ಅದನ್ನು ಮಾಡಿದವರು ಬಂದಾಗ, ಅವರು ತಮ್ಮ ಮೆಟ್ಟನ್ನು ಅದರ ಪಕ್ಕದಲ್ಲಿ ಬಿಟ್ಟು ಹೊಸಲು ದಾಟಿ ಒಳಗೆ ಬರಲಿ.